ಗ್ರಾಫ್ ಜೋಡಿಸಲು ಬಂದವಳು

"ಆದ್ರೆ... ಒಂದು ನಿಮಿಷ!"

ಕೊನೆಯ ಸಾಲಿನಿಂದ ಬಂದ ಆ ದನಿಗೆ ಇಡೀ ಸಭಾಂಗಣ ತಿರುಗಿ ನೋಡಿತು.

ವೇದಿಕೆಯ ಮೇಲಿದ್ದ ಅವಳ ಮುಖದ ನಗು ಹಾಗೇ ಅರ್ಧಕ್ಕೆ ನಿಂತಿತು. ಚಪ್ಪಾಳೆ ಬೀಳಬೇಕಾದ ಹೊತ್ತಿಗೆ ಇದ್ಯಾರಪ್ಪ ಅಡ್ಡ ಬಾಯಿ ಹಾಕಿದ್ದು?

ಆಗಷ್ಟೇ ಅವಳು ತನ್ನ ಹೊಸ ವಿನ್ಯಾಸವನ್ನು ಗಿರಾಕಿಗಳೆದುರು ತೋರಿಸಿ ಮುಗಿಸಿದ್ದಳು. ಯಂತ್ರಗಳನ್ನು ಪರೀಕ್ಷಿಸುವ ಇಂಜಿನಿಯರುಗಳಿಗಾಗಿ ಅವಳ ಕಂಪನಿ ತಯಾರಿಸುವ ಸಾಫ್ಟ್‌ವೇರ್ ಅದು. ಯಂತ್ರದ ಅಲುಗಾಟ, ಬಿಸಿ, ಸದ್ದು ಎಲ್ಲವನ್ನೂ ಗ್ರಾಫ್ ಮಾಡಿ ಕಣ್ಣೆದುರು ಇಡುತ್ತಿತ್ತು. ಹಳೆಯದರಲ್ಲಿ ಒಂದೊಂದು ಗ್ರಾಫೂ ಒಂದೊಂದು ವಿಂಡೋದಲ್ಲಿ ತೆರೆದುಕೊಂಡು, ಒಂದರ ಮೇಲೊಂದು ಬಿದ್ದು, ಪರದೆಯೆಂಬುದು ಒಗೆಯಲು ಹಾಕಿದ ಬಟ್ಟೆಯ ಗುಡ್ಡೆಯಂತಾಗುತ್ತಿತ್ತು. ಅವಳು ಅದನ್ನೆಲ್ಲ ಸಾಲುಸಾಲಾಗಿ, ಒಂದೇ ಗಾತ್ರದ ಚೌಕಟ್ಟುಗಳಲ್ಲಿ, ತಾನೇ ತಾನಾಗಿ ಜೋಡಿಸಿಕೊಳ್ಳುವಂತೆ ಮಾಡಿದ್ದಳು. ಎಷ್ಟು ಚೆಂದ ಕಾಣುತ್ತಿತ್ತು!

ಮಾತಾಡಿದವನು ಎದ್ದು ನಿಂತ. ಎತ್ತರದ ಆಳು. ತೋಳು ಮಡಚಿದ ಅಂಗಿ, ಮೊಣಕೈ ಹತ್ತಿರ ಗ್ರೀಸಿನ ಕಲೆ.

"ಎಡಗಡೆ ಇರೋದು ಒಂದು ಲಿಫ್ಟಿನ ಅಲುಗಾಟ. ಬಲಗಡೆ ಇನ್ನೊಂದರದ್ದು. ಅಲ್ವಾ?"

"ಹೌದು."

"ಇವೆರಡರಲ್ಲಿ ಯಾವುದಕ್ಕೆ ನಿಮ್ಮ ಮನೆಯವರನ್ನ ಹತ್ತಿಸ್ತೀರಿ?"

ಅವಳು ಪರದೆಯತ್ತ ನೋಡಿದಳು. ಎರಡೂ ಗ್ರಾಫಿನ ಏರಿಳಿತ ಒಂದೇ ಎತ್ತರಕ್ಕಿತ್ತು. "ಯಾವುದಕ್ಕಾದ್ರೂ ಹತ್ತಿಸ್ತೀನಿ! ಎರಡೂ ಒಂದೇ ಥರ ಇದೆಯಲ್ಲ?"

"ಅಂಚಿನಲ್ಲಿರೋ ಸಣ್ಣ ಅಂಕಿಗಳನ್ನ ಸ್ವಲ್ಪ ಓದಿ."

ಓದಿದಳು. ಬಲಗಡೆಯ ಲಿಫ್ಟಿನ ಅಲುಗಾಟ ಎಡಗಡೆಯದಕ್ಕಿಂತ ಹತ್ತು ಪಟ್ಟು ಜಾಸ್ತಿ ಇತ್ತು! ಪ್ರತಿ ಗ್ರಾಫೂ ತನ್ನ ಚೌಕಟ್ಟು ತುಂಬುವಂತೆ ಹಿಗ್ಗಿಕೊಂಡು, ಇಲಿಯೂ ಆನೆಯೂ ಒಂದೇ ಗಾತ್ರಕ್ಕೆ ಕಂಡಿದ್ದವು.

"ಚೆಂದ ಇದೆ," ಎಂದ ಅವನು ತಣ್ಣಗೆ. "ಆದ್ರೆ ಇದನ್ನ ನಂಬಿ ನಾನು ಯಾರನ್ನೂ ಲಿಫ್ಟ್ ಹತ್ತಿಸಲ್ಲ."

ಸಭಾಂಗಣದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಡವಾಯಿತು.

'ಜಂಬದ ಕೋಳಿ! ಹೊರಗಡೆ ಬಂದು ಹೇಳೋಕೆ ಏನಾಗಿತ್ತು?'

---

ಅದೇ ಮಧ್ಯಾಹ್ನ ಮ್ಯಾನೇಜರ್ ಮೇಡಂ ಅವಳನ್ನು ಕರೆಸಿಕೊಂಡರು.

"ಅವರು ಲಿಫ್ಟ್ ಪರೀಕ್ಷಾ ಕೇಂದ್ರದ ಇಂಜಿನಿಯರ್. ಅಲ್ಲಿ ಎಲ್ರೂ ಅವರನ್ನ 'ಆದ್ರೆ ಸಾಹೇಬ್ರು' ಅಂತಾರೆ. ಯಾವ ಮಾತಿಗೂ ಮೊದಲು 'ಆದ್ರೆ' ಅಂತಾರಂತೆ."

"ಗೊತ್ತಾಯ್ತು ಬಿಡಿ ಮೇಡಂ."

"ನಗೋ ಮಾತಲ್ಲಮ್ಮ. ನಮ್ಮ ಅತಿ ದೊಡ್ಡ ಗಿರಾಕಿ ಅವರ ಕೇಂದ್ರ. ಹೊಸ ವಿನ್ಯಾಸಾನ ಬಳಸಿ ನೋಡಿ ತೀರ್ಪು ಕೊಡೋ ಜವಾಬ್ದಾರಿ ಇರೋದು ಆ ಮನುಷ್ಯನ ಮೇಲೇ. ಅವರು ಬೇಡ ಅಂದ್ರೆ ನಿನ್ನ ಕೆಲಸ ಅಲ್ಲಿಗೇ ನಿಲ್ಲುತ್ತೆ, ನಿನ್ನ ತಂಡಾನೂ ಒಡೀತಾರೆ. ನಾಳೆಯಿಂದ ಅವರ ಪಕ್ಕ ಕೂತು, ಅವರು ಹೇಗೆ ಕೆಲಸ ಮಾಡ್ತಾರೆ ಅಂತ ನೋಡು."

"ಅವರ ಪಕ್ಕಾನಾ?!"

ಸಂಜೆ ಮನೆಗೆ ಬಂದು ಅಕ್ಕನ ಮುಂದೆ ಗೋಳು ಹೇಳಿಕೊಂಡಳು. ಅಕ್ಕ ಸಿಟಿ ಬಸ್ ಓಡಿಸುವವಳು. ದಿನವಿಡೀ ಸ್ಟೀರಿಂಗ್ ತಿರುಗಿಸಿ ನೊಂದ ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೇಳಿಸಿಕೊಂಡಳು.

"ಪುಟ್ಟೀ, ಒಂದು ಕೇಳ್ತೀನಿ. ಅವನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ... ಆದರೂ ಎಲ್ಲರೆದುರು ಹೇಳ್ಬೇಕಿತ್ತಾ?"

"ಹಾಗಿದ್ರೆ ನಿಂಗೆ ಸಿಟ್ಟು ಬಂದಿರೋದು ಮಾತಿಗಲ್ಲ, ಮಂದಿ ಮುಂದೆ ಆಡಿದ್ದಕ್ಕೆ!" ಅಕ್ಕ ನಕ್ಕಳು. "ಹೋಗೇ, ಹೋಗಿ ಕಲ್ತುಕೊಂಡು ಬಾ. ನೋಡೋಕೆ ಹೇಗಿದ್ದಾನೆ?"

"ಅಕ್ಕಾ!"

---

ಊರ ಹೊರಗಿದ್ದ ಲಿಫ್ಟ್ ಪರೀಕ್ಷಾ ಕೇಂದ್ರದ ಗೋಪುರವನ್ನು ಅವಳು ಎಷ್ಟೋ ಸಲ ದೂರದಿಂದ ನೋಡಿದ್ದಳು. ಅದರೊಳಗೆ ಮನೆಗಳಿಲ್ಲ, ಕಚೇರಿಗಳಿಲ್ಲ, ಬರೀ ಲಿಫ್ಟುಗಳು ಎಂದು ಗೊತ್ತಾದದ್ದು ಅವತ್ತೇ. ಯಾರೂ ವಾಸವಿಲ್ಲದ ಮಹಡಿಗಳಿಗೆ ಖಾಲಿ ಲಿಫ್ಟುಗಳು ದಿನವಿಡೀ ಹತ್ತಿ ಇಳಿಯುತ್ತಿದ್ದವು. ಲಿಫ್ಟು ಹಿಡಿದು ಓಡುವ ಉಕ್ಕಿನ ಹಳಿಗೆ ಅಂಟಿಸಿದ ಸೆನ್ಸರುಗಳು ಪ್ರತಿ ನಡುಕವನ್ನೂ ಅವನ ಮೇಜಿಗೆ ಕಳಿಸುತ್ತಿದ್ದವು.

ಅವಳನ್ನು ನೋಡಿದ ಕೂಡಲೇ ಅವನು ಎದ್ದು ನಿಂತ. ಕುರ್ಚಿಯ ಮೇಲಿದ್ದ ಹೆಲ್ಮೆಟ್ಟು, ವೈರಿನ ಸುರುಳಿ, ಟೀ ಲೋಟ ಎಲ್ಲವನ್ನೂ ಗಡಿಬಿಡಿಯಲ್ಲಿ ಎತ್ತಿಟ್ಟ.

"ನಿನ್ನೆ ನಾನು ಹೇಳಿದ್ದು ತಪ್ಪಲ್ಲ," ಎಂದ. ಆಮೇಲೆ ತಲೆ ತಗ್ಗಿಸಿ, "ಹೇಳಿದ ಜಾಗ ತಪ್ಪು. ಕ್ಷಮಿಸಿ," ಎಂದ.

ಜಗಳಕ್ಕೆಂದೇ ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡು ಬಂದಿದ್ದ ಮಾತುಗಳೆಲ್ಲ ಅವಳ ಗಂಟಲಲ್ಲೇ ಉಳಿದವು. ಈಗೇನು ಮಾಡೋದು!

"ಪರವಾಗಿಲ್ಲ..." ಎಂದಳು. "ನೀವು ನಿಮ್ಮ ಕೆಲಸ ಮಾಡಿ. ನಾನು ಸುಮ್ಮನೆ ನೋಡ್ತೀನಿ."

ನೋಡಿದಳು. ಬೆಳಗಿನ ಅರ್ಧ ಹೊತ್ತು ಅವನು ಮಾಡಿದ್ದು ಪರೀಕ್ಷೆಯಲ್ಲ, ವಿಂಡೋಗಳನ್ನು ಎಳೆಯುವುದು! ಒಂದನ್ನು ಮೇಲಿಟ್ಟು, ಇನ್ನೊಂದನ್ನು ಕೆಳಗೆ ಸರಿಸಿ, ಮೂಲೆ ಹಿಡಿದು ಚಿಕ್ಕದು ಮಾಡಿ... ಹೊಸ ಗ್ರಾಫ್ ತೆರೆದರೆ ಮತ್ತೆ ಮೊದಲಿನಿಂದ. ಅದೂ ಸಾಲದೆ, ಎರಡು ಗ್ರಾಫುಗಳನ್ನು ಹೋಲಿಸಬೇಕಾದಾಗ ಪಾರದರ್ಶಕ ಹಾಳೆಗಳ ಮೇಲೆ ಪ್ರಿಂಟ್ ತೆಗೆದು, ಒಂದರ ಮೇಲೊಂದಿಟ್ಟು, ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದ.

ಅವಳಿಗೆ ಅಯ್ಯೋ ಅನ್ನಿಸಿತು.

"ಒಂದು ಕೇಳ್ಲಾ? ಅವುಗಳನ್ನ ಯಾವಾಗ್ಲೂ ಅದೇ ಥರ ಯಾಕೆ ಜೋಡಿಸ್ತೀರಿ? ಇದು ಮೇಲೇ ಇರ್ಬೇಕು, ಅದು ಕೆಳಗೇ ಇರ್ಬೇಕು ಅಂತ?"

ಅವನು ಅಚ್ಚರಿಯಿಂದ ಅವಳನ್ನು ನೋಡಿದ. ಅಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆಯಾಗಿತ್ತು ಅದು. ಒಂದು ಕ್ಷಣ ಅವನೇ ಪರದೆ ನೋಡಿ ಯೋಚಿಸಿದ.

"ಇದು... ಗೋಪುರ ಅಲ್ವಾ? ಮೇಲಿರೋದು ಮೋಟಾರ್ ರೂಮು. ಅದರ ಕೆಳಗೆ ಮೇಲಿನ ಮಹಡಿಗಳು. ತಳದಲ್ಲಿರೋದು ನೆಲಮಾಳಿಗೆ. ಲಿಫ್ಟ್ ಹೇಗೆ ಇಳಿಯುತ್ತೋ ನನ್ನ ಕಣ್ಣೂ ಹಾಗೇ ಇಳಿಯುತ್ತೆ."

ಅವಳು ಹಣೆ ಚಚ್ಚಿಕೊಂಡಳು. ತನ್ನ ವಿನ್ಯಾಸ ಇದನ್ನೆಲ್ಲ ಹೆಸರಿನ ಅಕ್ಷರ ನೋಡಿ ಸಾಲು ಮಾಡುತ್ತಿತ್ತು! ನೆಲಮಾಳಿಗೆಯನ್ನು ತಲೆಯ ಮೇಲೆ ಹೊರಿಸಿ, ಮೋಟಾರನ್ನು ಕಾಲಡಿ ಹಾಕುತ್ತಿತ್ತು!

'ನಾನು ಕಸ ಗುಡಿಸ್ತಿದ್ದೀನಿ ಅಂದ್ಕೊಂಡಿದ್ದೆ. ಗುಡಿಸಿ ಹಾಕಿದ್ದು ಇವರ ಯೋಚನೇನೇ...'

---

ಅಲ್ಲಿಂದ ಶುರುವಾಯಿತು ನೋಡಿ ನಿಜವಾದ ಕೆಲಸ.

ಬೆಳಿಗ್ಗೆ ಗೋಪುರದಲ್ಲಿ ಅವನ ಪಕ್ಕ, ಮಧ್ಯಾಹ್ನದ ಮೇಲೆ ಕಚೇರಿಯಲ್ಲಿ ತನ್ನ ತಂಡದ ಜೊತೆ. ತಾನೇ ತಾನಾಗಿ ಜೋಡಿಸುವುದನ್ನು ಅವಳು ಕಿತ್ತೆಸೆದಳು. ಗ್ರಾಫನ್ನು ಎಲ್ಲಿಟ್ಟರೆ ಅಲ್ಲೇ ಇರಬೇಕು, ಮಾರನೆಯ ದಿನ ತೆರೆದಾಗಲೂ ಅಲ್ಲೇ ಇರಬೇಕು. ಹೋಲಿಸುವ ಗ್ರಾಫುಗಳಿಗೆಲ್ಲ ಒಂದೇ ಅಳತೆಗೋಲು. ಇಲಿ ಇಲಿಯಾಗಿಯೇ, ಆನೆ ಆನೆಯಾಗಿಯೇ ಕಾಣಬೇಕು. ಒಂದನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟರೆ ಎರಡೂ ಗೆರೆಗಳು ಒಟ್ಟಿಗೆ ಕಾಣಬೇಕು.

ಒಂದೇ ಲಿಫ್ಟಿನ ಹೋದ ವರ್ಷದ ಮತ್ತು ಈ ವರ್ಷದ ಗೆರೆಗಳನ್ನು ಹಾಗೆ ಮೊದಲ ಸಲ ತೋರಿಸಿದಾಗ ಅವನು ಎಂದಿನಂತೆ ಮುಂದಕ್ಕೆ ಬಾಗಿ ನೋಡಿದ. ನೋಡುತ್ತಲೇ ಇದ್ದ.

"ಚೆನ್ನಾಗಿದೆ. ಆದ್ರೆ... ಹೋದ ವರ್ಷದ್ದು ಯಾವುದು, ಈ ವರ್ಷದ್ದು ಯಾವುದು?"

ಅವಳು ಮತ್ತೊಮ್ಮೆ ಪರದೆಯತ್ತ ನೋಡಿದಳು. ಒಂದು ಗೆರೆ ಕೆಂಪು, ಇನ್ನೊಂದು ಹಸಿರು. ಅಷ್ಟು ಸ್ಪಷ್ಟ! ಅದಕ್ಕೂ ಹಿಂದಿನ ವಾರ ತಾನು ಹಸಿರು ಫೈಲು ಕೇಳಿದಾಗ ಅವನು ಕೆಂಪನ್ನು ಎತ್ತಿ ಕೊಟ್ಟಿದ್ದು, ಆಮೇಲೆ ತಮಾಷೆ ಮಾಡಿ ತೇಲಿಸಿದ್ದು ನೆನಪಾಯಿತು.

ಮಾರನೆಯ ಬೆಳಿಗ್ಗೆ ಅವನು ಪರದೆ ತೆರೆದಾಗ ಒಂದು ಗೆರೆ ನೀಲಿ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ದಪ್ಪ ಕಿತ್ತಳೆ, ಅದೂ ತುಂಡುತುಂಡಾಗಿ.

ಅವನು ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದ.

"ಕೆಂಪು, ಹಸಿರು ನನಗೆ ಒಂದೇ ಥರ ಕಾಣುತ್ತೆ ಅಂತ ಯಾರಿಗೂ ಹೇಳಿಲ್ಲ..." ಅವನ ದನಿ ಮೆತ್ತಗಾಗಿತ್ತು. "ಹೇಗೋ ಸಂಭಾಳಿಸ್ಕೊಂಡು ಬಂದಿದ್ದೆ. ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಾನು ನೋಡ್ದೆ."

ಅವನು ಅವಳತ್ತ ನೋಡಿದ. ಗ್ರಾಫ್ ನೋಡುವಂತಲ್ಲ, ಬೇರೆಯೇ ಥರ. ಅವಳು ಬೇಕೆಂದೇ ಬ್ಯಾಗಿನೊಳಗೆ ಪೆನ್ನು ಹುಡುಕತೊಡಗಿದಳು. ಪೆನ್ನು ಅವಳ ಕೈಯಲ್ಲೇ ಇತ್ತು!

ಇನ್ನೊಂದು ಉಪಾಯ ಪೂರ್ತಿ ಅವಳದೇ. ಅದನ್ನು ಅವನು ಕೇಳಿಯೂ ಇರಲಿಲ್ಲ, ಕನಸಿನಲ್ಲಿ ಕಂಡೂ ಇರಲಿಲ್ಲ. ಒಂದು ಗ್ರಾಫಿನ ಮೇಲೆ ಮೌಸ್ ಇಟ್ಟರೆ, ಕೂದಲೆಳೆಯಷ್ಟು ತೆಳ್ಳಗಿನ ಒಂದು ಗೆರೆ ಎಲ್ಲ ಗ್ರಾಫುಗಳಲ್ಲೂ ಅದೇ ಗಳಿಗೆಯ ಮೇಲೆ ನಿಲ್ಲುತ್ತಿತ್ತು. ಮೋಟಾರ್ ರೂಮಿನಲ್ಲಿ ಆ ಗಳಿಗೆ ಏನಾಯಿತು, ಕೆಳಗಿನ ಮಹಡಿಯಲ್ಲಿ ಏನಾಯಿತು, ಎಲ್ಲ ಒಂದೇ ನೋಟಕ್ಕೆ.

ಅವನು ಮೌಸನ್ನು ನಿಧಾನವಾಗಿ ಸರಿಸಿದ. ಗೆರೆ ಎಲ್ಲ ಮಹಡಿಗಳಲ್ಲೂ ಒಟ್ಟಿಗೆ ನಡೆಯಿತು. ಒಂದು ಕಡೆ ಅವನ ಕೈ ನಿಂತಿತು.

"ಅರೆ! ಇಲ್ನೋಡಿ, ಇಲ್ನೋಡಿ! ಕೆಳಗಿನ ಮಹಡಿಯ ಹಳಿ ನಡುಗೋಕೆ ಶುರುವಾಗೋದೂ, ಮೇಲೆ ಬ್ರೇಕ್ ಕಚ್ಚೋದೂ ಒಂದೇ ಗಳಿಗೆ! ನಾನು ತಿಂಗಳಿಂದ ಹಳೀನೇ ಬೈಕೊಂಡು ಕೂತಿದ್ದೆ. ಹಳಿ ಪಾಪದ್ದು! ತಪ್ಪು ಬ್ರೇಕಿಂದು!"

ಅವನು ಎಳೆಯ ಹುಡುಗನಂತೆ ಕುರ್ಚಿಯನ್ನು ಗಿರ್ರನೆ ಒಂದು ಸುತ್ತು ತಿರುಗಿಸಿದ. ಅವಳು ಬಿದ್ದು ಬಿದ್ದು ನಕ್ಕಳು.

ಆ ಖುಷಿಯಲ್ಲೇ ಕಚೇರಿಗೆ ಹೊರಟವಳು ಲಿಫ್ಟಿನೊಳಗೆ ಯಾರೂ ಇಲ್ಲವೆಂದು ನಾಲ್ಕು ಹೆಜ್ಜೆ ಕುಣಿದೂ ಬಿಟ್ಟಳು. ಮಾರನೆಯ ಬೆಳಿಗ್ಗೆ ಅವನು ಗಂಭೀರವಾಗಿ ಒಂದು ಗ್ರಾಫನ್ನು ತೋರಿಸಿದ.

"ನಿನ್ನೆ ಮಧ್ಯಾಹ್ನ ಈ ಲಿಫ್ಟಲ್ಲಿ ವಿಚಿತ್ರವಾದ ಅಲುಗಾಟ ಬಂದಿದೆ. ನೋಡಿ, ಇಲ್ಲೊಂದು ಗುಡ್ಡ, ಇಲ್ಲೊಂದು ಗುಡ್ಡ... ಬೇರಿಂಗ್ ಹೋಗಿರಬಹುದು ಅನ್ಸುತ್ತೆ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅದು... ಬೇರಿಂಗ್ ಅಲ್ಲ. ನಾನು."

"ನೀವಾ?"

"ಕುಣಿದೆ!"

ಅವನು ತುಟಿ ಕಚ್ಚಿ ನಗು ತಡೆಯಲು ನೋಡಿದ, ಆಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದಾಗ ಕೇಂದ್ರದ ಮುಖ್ಯಸ್ಥೆ ಬಾಗಿಲಲ್ಲಿ ನಿಂತು ನೋಡಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಅಕ್ಕ ಮಾತ್ರ ಆ ಸಂಜೆಯೇ ಪತ್ತೆ ಹಚ್ಚಿದಳು.

"ಏನೇ, ಮುಖ ಹೀಗೆ ಬೆಳಗ್ತಿದೆ?"

"ಕೆಲಸ ಚೆನ್ನಾಗಿ ನಡೀತಿದೆ, ಅಷ್ಟೇ."

"ಹೂಂ... ಆ ಕೆಲಸ ಎಷ್ಟು ಎತ್ತರ ಇದೆ?"

ಅವಳು ದಿಂಬು ತೆಗೆದು ಅಕ್ಕನ ಮೇಲೆ ಎಸೆದಳು.

---

ಪಾಪ, ನಾಳೆ ಏನು ಕಾದಿದೆ ಎಂದು ಅವಳಿಗೇನು ಗೊತ್ತಿತ್ತು!

ಬೆಳಿಗ್ಗೆ ಹೊರಡುವ ಹೊತ್ತಿಗೆ ಮ್ಯಾನೇಜರ್ ಮೇಡಂ ಫೋನ್ ಮಾಡಿದರು. ದನಿಯಲ್ಲಿ ಗಾಬರಿ ಇತ್ತು.

"ಗೋಪುರಕ್ಕೆ ಹೋಗ್ಬೇಡ ಕಣಮ್ಮ. 'ಆದ್ರೆ ಸಾಹೇಬ್ರು' ಫೋನ್ ಮಾಡಿದ್ರು. ಇನ್ನು ಮೇಲೆ ನಿನ್ನನ್ನ ಅಲ್ಲಿಗೆ ಕಳಿಸಬಾರದಂತೆ. ತೀರ್ಪು ಕೊಡೋ ಕೆಲಸಾನೂ ಬಿಟ್ಟುಬಿಟ್ಟಿದ್ದಾರೆ, ಬೇರೆಯವರು ನೋಡ್ತಾರಂತೆ."

"ಯಾಕಂತೆ?!"

"ಕಾರಣ ಹೇಳಲಿಲ್ಲ. ಏನಾದ್ರೂ ಜಗಳ ಆಯ್ತಾ?"

ಜಗಳವಾ? ನಿನ್ನೆ ತಾನೆ ಅಷ್ಟು ನಕ್ಕಿದ್ದೆವಲ್ಲ!

ಅವಳು ಅವನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಂದೇ ಸಾಲಿನ ಮೆಸೇಜು ಬಂತು. 'ಕ್ಷಮಿಸಿ. ತೀರ್ಪು ಬರೋ ತನಕ ನಾವು ಮಾತಾಡದೇ ಇರೋದು ಒಳ್ಳೇದು.'

ಅವಳ ಕಣ್ಣು ತುಂಬಿ ಬಂತು. 'ನನ್ನ ಸಲುಗೆ ಜಾಸ್ತಿ ಆಯ್ತೇನೋ... ಲಿಫ್ಟಲ್ಲಿ ಕುಣಿಯೋ ಹುಡುಗಿ ಅಂತ ಹಗುರವಾಗಿ ಕಂಡೆನೇನೋ... ಇಲ್ಲಾ, ನನ್ನ ಕೆಲಸಾನೇ ಹಿಡಿಸಲಿಲ್ವಾ? ಮುಖಕ್ಕೆ ಹೇಳೋಕಾಗದೆ ಜಾರಿಕೊಂಡ್ರಾ?'

ಎಲ್ಲರೆದುರು ಎದ್ದು ನಿಂತು ತಪ್ಪು ತೋರಿಸಿದ್ದವನು ಈಗ ಮೌನವಾಗಿದ್ದು ಅವಳನ್ನು ಹೆಚ್ಚು ಸುಟ್ಟಿತು.

ಅಕ್ಕ ಆ ದಿನ ತಮಾಷೆ ಮಾಡಲಿಲ್ಲ. ಪಕ್ಕದಲ್ಲಿ ಕೂತು ತಲೆ ನೇವರಿಸಿದಳು.

"ಅತ್ತುಬಿಡು. ಆಮೇಲೆ ಮುಖ ತೊಳ್ಕೊಂಡು ಕೆಲಸ ಮುಗಿಸು. ಅದು ಅವನಿಗೋಸ್ಕರ ಮಾಡಿದ್ದಲ್ಲ, ನಿನ್ನದು."

ಮುಗಿಸಿದಳು. ಹಟ ಹಿಡಿದು ಮುಗಿಸಿದಳು. ಒಂದೊಂದು ಗುಂಡಿಯನ್ನೂ ಒತ್ತಿ ನೋಡಿ, ಒಂದೊಂದು ಅಂಕಿಯನ್ನೂ ದೊಡ್ಡದು ಮಾಡಿ. ಎದೆಯೊಳಗಿನ ನೋವು ಮಾತ್ರ ಎಲ್ಲಿಟ್ಟರೂ ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ.

---

ತೀರ್ಪಿನ ದಿನ ಬಂತು.

ಗೋಪುರದ ದೊಡ್ಡ ಕೋಣೆಯಲ್ಲಿ ಮುಖ್ಯಸ್ಥೆ ಮತ್ತವರ ಇಂಜಿನಿಯರುಗಳು ಕಂಪ್ಯೂಟರುಗಳ ಮುಂದೆ ಕೂತಿದ್ದರು. ಅವಳು ಮ್ಯಾನೇಜರ್ ಮೇಡಂ ಜೊತೆ ಗೋಡೆಗೆ ಒರಗಿ ನಿಂತಳು. ಬೇಡವೆಂದರೂ ಅವಳ ಕಣ್ಣು ಅವನನ್ನು ಹುಡುಕಿತು. ಅವನು ಇರಲಿಲ್ಲ.

ಮುಖ್ಯಸ್ಥೆ ಬೆಳ್ಳಿಗೂದಲಿನ, ಮಾತು ಕಡಿಮೆಯ ಹೆಂಗಸು. ಕನ್ನಡಕ ಏರಿಸಿ ಒಂದು ಗ್ರಾಫನ್ನು ಮೇಲಿಟ್ಟರು, ಇನ್ನೊಂದನ್ನು ಕೆಳಗಿಟ್ಟರು. ಒಂದನ್ನು ಎಳೆದು ಮತ್ತೊಂದರ ಮೇಲೆ ಬಿಟ್ಟರು. ಆ ತೆಳ್ಳಗಿನ ಗೆರೆ ಎಲ್ಲದರಲ್ಲೂ ಒಟ್ಟಿಗೆ ನಡೆದಾಗ ಪಕ್ಕದಲ್ಲಿದ್ದ ಇಂಜಿನಿಯರ್ ಜೋರಾಗಿ, "ಏಯ್, ಇಲ್ಲಿ ಬಂದು ನೋಡ್ರೋ!" ಎಂದ. ಎಲ್ಲರೂ ಒಂದೇ ಪರದೆಗೆ ಮುತ್ತಿಕೊಂಡರು. ಪ್ರಶ್ನೆಗಳ ಸುರಿಮಳೆ. ಅವಳು ಒಂದಕ್ಕೂ ತಡವರಿಸಲಿಲ್ಲ.

ಕೊನೆಗೆ ಮುಖ್ಯಸ್ಥೆ ಕನ್ನಡಕ ತೆಗೆದರು.

"ನಾವು ತಗೋತೀವಿ. ಹಳೇದನ್ನ ನಾಳೇನೇ ತೆಗೆದುಹಾಕಿ."

ಮ್ಯಾನೇಜರ್ ಮೇಡಂ ಅವಳನ್ನು ಉಸಿರುಗಟ್ಟುವಂತೆ ತಬ್ಬಿಕೊಂಡರು. ಎಲ್ಲರೂ ಕೈ ಕುಲುಕಿದರು. ಅವಳು ನಕ್ಕಳು. ನಿಜವಾಗಿಯೂ ನಕ್ಕಳು... ಆದರೂ ಒಂದು ಮುಖ ಅಲ್ಲಿ ಕಡಿಮೆ ಇತ್ತು.

ಇನ್ನು ತಡೆಯಲಾಗಲಿಲ್ಲ.

"ಮೇಡಂ, ಒಂದು ಕೇಳ್ಬೇಕಿತ್ತು. ಅವರು ಯಾಕೆ ಈ ಕೆಲಸ ಬಿಟ್ರು?"

ಮುಖ್ಯಸ್ಥೆಯ ತುಟಿಯಂಚಿನಲ್ಲಿ ಸಣ್ಣ ನಗು ಮೂಡಿತು.

"ನಂಗೆ ಕಾರಣ ಹೇಳಿಯೇ ಅವನು ಈ ಕೆಲಸ ಬಿಟ್ಟಿದ್ದು. ಆದರೆ ಅದನ್ನ ನನ್ನ ಬಾಯಲ್ಲಿ ಕೇಳೋದಕ್ಕಿಂತ ಅವನ ಬಾಯಲ್ಲೇ ಕೇಳು. ಮೇಲೆ ಮೋಟಾರ್ ರೂಮಲ್ಲಿ ಇದ್ದಾನೆ. ಬೆಳಗಿನಿಂದ ಒಂದೇ ಬ್ರೇಕನ್ನ ಬಿಚ್ಚೋದು, ಕಟ್ಟೋದು ಮಾಡ್ತಿದ್ದಾನೆ!"

---

ಮೋಟಾರ್ ರೂಮಿನ ಬಾಗಿಲು ತೆರೆದೇ ಇತ್ತು. ಅವನು ನೆಲದ ಮೇಲೆ ಕೂತಿದ್ದ. ಸುತ್ತಲೂ ನಟ್ಟು, ಬೋಲ್ಟು. ಅವಳನ್ನು ಕಂಡವನೇ ದಡಬಡಿಸಿ ಎದ್ದ.

"ಏನಾಯ್ತು? ಒಪ್ಪಿದ್ರಾ?"

"ಒಪ್ಪಿದ್ರು."

"ಎಲ್ಲರೂ?"

"ಎಲ್ಲರೂ."

ಅವನ ಮುಖ ಅರಳಿದ ರೀತಿ ನೋಡಿ ಅವಳ ಸಿಟ್ಟು ಇನ್ನೂ ಏರಿತು. ಬೇಡವಾದವರ ಗೆಲುವಿಗೆ ಯಾರಾದರೂ ಹೀಗೆ ಖುಷಿಪಡುತ್ತಾರಾ?

"ಇಷ್ಟು ಸಂತೋಷ ಇದ್ದೋರು ಯಾಕೆ ಕೈಬಿಟ್ರಿ? ನನ್ನನ್ನ ಕಳಿಸಬೇಡಿ ಅಂದ್ರಂತೆ. ನಾನು ಏನು ತಪ್ಪು ಮಾಡ್ದೆ? ಹೇಳಿ!"

"ನೀವಲ್ಲ... ತಪ್ಪು ನನ್ನಲ್ಲಿತ್ತು." ಅವನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ. "ತೀರ್ಪು ಕೊಡೋನು ಯಾರ ಪಕ್ಷಾನೂ ವಹಿಸಬಾರದು. ನಿಮ್ಮ ಕುಣಿತಕ್ಕೆ ನಕ್ಕ ದಿನ ನೀವು ಹೋದ ಮೇಲೆ ನಿಮ್ಮ ಕೆಲಸದಲ್ಲಿ ತಪ್ಪು ಹುಡುಕೋಕೆ ಕೂತೆ. ಒಂದೂ ಕಾಣಲಿಲ್ಲ. ನಿಜವಾಗ್ಲೂ ತಪ್ಪಿಲ್ವೋ, ಇಲ್ಲಾ ನನಗೆ ಕಾಣ್ತಿಲ್ವೋ, ಅದೇ ಗೊತ್ತಾಗಲಿಲ್ಲ. ಪರದೆ ನೋಡಿದ್ರೆ ನೀವೇ ನೆನಪಾಗ್ತಿದ್ರಿ."

ಅವಳು ಬಾಗಿಲು ದಾಟಿ ಒಳಗೆ ಬಂದಳು.

"ನನ್ನ ಈ ಕಣ್ಣಿಂದ ನಿಮ್ಮ ಕೆಲಸ ಗೆದ್ರೆ ಅದು ನಿಮಗೇ ಅವಮಾನ. ಅವನಿಗೆ ಅವಳಂದ್ರೆ ಇಷ್ಟ, ಅದಕ್ಕೇ ಪಾಸ್ ಮಾಡ್ದ ಅಂತ ಒಬ್ಬರಾದ್ರೂ ಅಂತಿದ್ರು. ಅದು ನನಗೆ ಬೇಡವಾಗಿತ್ತು. ನಿಮ್ಮ ಗೆಲುವು ಪೂರ್ತಿ ನಿಮ್ಮದೇ ಆಗ್ಬೇಕಿತ್ತು."

ಮೋಟಾರು ಗುಂಯ್ ಎಂದು ತಿರುಗುತ್ತಿತ್ತು. ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ನಗುವೂ ಬಂತು, ಕೋಪವೂ ಬಂತು. ಮೊದಲು ಹೊರಬಿದ್ದದ್ದು ಕೋಪವೇ!

"ಇದನ್ನ ಅವತ್ತೇ ನನಗೆ ಹೇಳೋಕೆ ಏನಾಗಿತ್ತು? ನಾನು ಎಷ್ಟು ಅತ್ತೆ ಗೊತ್ತಾ? ನನ್ನ ಕೆಲಸ ಬೇಡ, ನಾನೂ ಬೇಡ ಅಂತ ದಿನಾ ಒದ್ದಾಡಿದ್ದೀನಿ. ನನಗೆ ಏನು ಒಳ್ಳೇದು ಅಂತ ನನ್ನನ್ನ ಕೇಳದೆ ನೀವೇ ತೀರ್ಮಾನ ಮಾಡ್ಬಿಟ್ರಿ!"

ಹೇಳಿದ ಮೇಲೆ ಅವಳಿಗೇ ಏನೋ ಹೊಳೆದು ನಗು ಬಂತು. "ಹೋಗ್ಲಿ ಬಿಡಿ... ನಾನೂ ನಿಮ್ಮನ್ನೆಲ್ಲ ಒಂದು ಮಾತು ಕೇಳದೆ ನಿಮ್ಮ ಗ್ರಾಫುಗಳನ್ನ ಜೋಡಿಸೋಕೆ ಹೊರಟೋಳೇ."

"ನಿಮ್ಮನ್ನ ಕೇಳಬೇಕಿತ್ತು," ಎಂದ ಅವನು. ನೆಪ ಹೇಳಲಿಲ್ಲ, ಕಣ್ಣು ತಪ್ಪಿಸಲಿಲ್ಲ. "ಹೆದರಿದ್ದೆ. ಹೇಳಿದ್ರೆ ನೀವು ಇಲ್ಲ ಅಂತೀರೇನೋ ಅಂತ. ಹಳಿ, ಬ್ರೇಕು, ಹಗ್ಗ... ಇವುಗಳ ಮೇಲೆಲ್ಲ ಎಷ್ಟು ಭಾರ ಹಾಕಬಹುದು ಅಂತ ಗೊತ್ತು. ಇದರ ಮೇಲೆ ಎಷ್ಟು ಹಾಕಬಹುದು ಅಂತ ಗೊತ್ತಿರಲಿಲ್ಲ." ಎದೆ ಮುಟ್ಟಿಕೊಂಡ. ಬಿಳಿ ಅಂಗಿಯ ಮೇಲೆ ಐದು ಬೆರಳಿನ ಗ್ರೀಸ್ ಅಚ್ಚು ಮೂಡಿತು.

ಅವಳು ಮುಂದೆ ಬಂದು, ಅವನ ಗ್ರೀಸ್ ಮೆತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಅಯ್ಯೋ, ಕೈ ಕೊಳೆ ಆಗುತ್ತೆ!"

"ಆಗ್ಲಿ. ಈಗ ಕೇಳಿ. ಏನು ಕೇಳಬೇಕಿತ್ತೋ ಕೇಳಿ."

ಅಷ್ಟು ಎತ್ತರದ ಮನುಷ್ಯ ನೆಲ ನೋಡಿದ, ಮೋಟಾರ್ ನೋಡಿದ, ಕೊನೆಗೆ ಅವಳನ್ನು ನೋಡಿದ.

"ನಿಮಗೆ... ನಾನು ಇಷ್ಟಾನಾ?"

"ಇಷ್ಟ ಇಲ್ದೇನೇ ಇಷ್ಟು ಮಹಡಿ ಹತ್ತಿ ಬಂದು ಜಗಳ ಆಡ್ತಿದ್ದೀನಾ?"

ಅವನ ಕಣ್ಣುಗಳು ಒದ್ದೆಯಾದವು. ನಗುವಿಗೋ ಅಳುವಿಗೋ ಅವನಿಗೂ ತಿಳಿಯಲಿಲ್ಲ. ಅವಳ ಹಣೆಗೆ ಹಣೆ ತಾಗಿಸಿ ಸುಮ್ಮನೆ ನಿಂತ. ಬಾಗಿಲಾಚೆ ಒಂದು ಲಿಫ್ಟು ಮೇಲೆ ಬಂತು, ಟಿಂಗ್ ಎಂದಿತು, ಯಾರೂ ಹತ್ತದೆ ಇಳಿದು ಹೋಯಿತು.

"ಇನ್ನೂ 'ನೀವು' ಅಂತಾನೇ ಕರೀತೀರಾ?" ಎಂದಳು ಅವಳು ಪಿಸುದನಿಯಲ್ಲಿ.

"ಮತ್ತೆ ಹೇಗೆ ಕರೀಲಿ?"

"ನೀವೇ ಯೋಚನೆ ಮಾಡಿ."

ಅವನು ಉಸಿರು ಎಳೆದುಕೊಂಡ. ತುಟಿಯವರೆಗೂ ಬಂದ ಮಾತು ಅಲ್ಲೇ ನಾಚಿ ನಿಂತಿತು. ಮತ್ತೆ ಪ್ರಯತ್ನಿಸಿದ.

"ನೀ... ನೀನು."

"ಕೇಳಿಸಲಿಲ್ಲ."

"ನೀನು," ಎಂದ ಅವನು, ಈ ಸಲ ನಗುತ್ತಾ.

ಅವಳು ಕಣ್ಣು ಮುಚ್ಚಿಕೊಂಡಳು.

"ಹೇಳು," ಎಂದಳು, "ಇನ್ನೊಂದ್ಸಲ ಹೇಳು..."